ಒಪ್ಪಂದ ಬಿಟ್ಟು ಬರುವಾಗ ಕಡತ ಹಿಡಿದವರು

ಒಂದು ದೇಶ ದೊಡ್ಡ ಅಂತಾರಾಷ್ಟ್ರೀಯ ಒಕ್ಕೂಟದಿಂದ ಹೊರಬರುವಾಗ ಸರ್ಕಾರಿ ಅಧಿಕಾರಿಗಳು ಏನು ಕೆಲಸ ಮಾಡುತ್ತಾರೆ ಎಂದು ಹಲವು ಓದುಗರು ಕೇಳಿದ್ದಾರೆ. ಹೆಚ್ಚಿನ ಪ್ರಶ್ನೆಗಳು ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದನ್ನು, ಅಂದರೆ ‘ಬ್ರೆಕ್ಸಿಟ್’ ಅನ್ನು ಕುರಿತವು. 1973ರಲ್ಲಿ ಸೇರಿದ್ದ ಬ್ರಿಟನ್, 2016ರ ಜೂನ್ 23ರ ಜನಮತದಲ್ಲಿ ಶೇ. 51.9 ಮಂದಿ ‘ಬಿಡೋಣ’ ಎಂದ ಮೇಲೆ, 2020ರ ಜನವರಿ 31ರಂದು ಹೊರಬಂತು. ಈ ನಡುವಿನ ಮೂರೂವರೆ ವರ್ಷದ ಕೆಲಸದ ಬಗ್ಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬ್ರೆಕ್ಸಿಟ್ ಮಾತುಕತೆಯಲ್ಲಿ ಮೇಜಿನ ಎದುರು ಕೂತು ನಿಜವಾಗಿ ಮಾತಾಡಿದ್ದು ಮಂತ್ರಿಗಳೋ, ಅಧಿಕಾರಿಗಳೋ? ಟಿವಿಯಲ್ಲಿ ಮಂತ್ರಿಗಳೇ ಕಾಣುತ್ತಿದ್ದರು.
– ಓದುಗರೊಬ್ಬರು, ಧಾರವಾಡ

ಉತ್ತರ: ಸುತ್ತು ಶುರುವಾಗುವ ದಿನ ಮತ್ತು ಮುಗಿಯುವ ದಿನ ಮಂತ್ರಿಗಳು. ನಡುವಿನ ದಿನಗಳೆಲ್ಲ ಅಧಿಕಾರಿಗಳವು.

2017ರ ಜೂನ್ 19ರಂದು ಬ್ರಸೆಲ್ಸ್‌ನಲ್ಲಿ ಮೊದಲ ಸಭೆ ನಡೆದಾಗ ಬ್ರಿಟನ್ ಪರ ಮಂತ್ರಿ ಡೇವಿಡ್ ಡೇವಿಸ್, ಒಕ್ಕೂಟದ ಪರ ಮಿಶೆಲ್ ಬಾರ್ನಿಯೆ ಇದ್ದರು. ಅವತ್ತು ಕೆಲಸದ ಕ್ರಮ ನಿಗದಿಯಾಯಿತು. ನಾಲ್ಕು ವಾರಕ್ಕೊಂದು ಸುತ್ತು. ಅದರಲ್ಲಿ ಒಂದು ವಾರ ಎದುರುಬದುರು ಕೂರುವುದು, ಉಳಿದ ವಾರಗಳಲ್ಲಿ ಟಿಪ್ಪಣಿಗಳ ತಯಾರಿ ಮತ್ತು ವಿನಿಮಯ. ಮಾತುಕತೆಯ ಭಾಷೆ ಇಂಗ್ಲಿಷ್ ಮತ್ತು ಫ್ರೆಂಚ್. ನಾಗರಿಕರ ಹಕ್ಕು, ಹಣದ ಲೆಕ್ಕ, ಇತರ ಬಿಡುಗಡೆ ವಿಷಯ ಎಂದು ಮೂರು ಕಾರ್ಯತಂಡಗಳು. ಐರ್ಲೆಂಡ್ ಗಡಿಯ ವಿಷಯ ಮಾತ್ರ ಯಾವ ತಂಡಕ್ಕೂ ಹೋಗದೆ ಇಬ್ಬರು ಸಂಯೋಜಕರ ಕೈಯಲ್ಲೇ ಉಳಿಯಿತು. ಆ ಇಬ್ಬರೂ ಅಧಿಕಾರಿಗಳೇ: ಬ್ರಿಟನ್ನಿನ ಆಲಿ ರಾಬಿನ್ಸ್, ಒಕ್ಕೂಟದ ಸಬೀನೆ ವೆಯಾಂಡ್. ಅಂದರೆ ಕೊನೆಗೆ ಎಲ್ಲಕ್ಕಿಂತ ಹೆಚ್ಚು ತೊಡಕಾದ ವಿಷಯ ಮೊದಲ ದಿನದಿಂದಲೇ ಅಧಿಕಾರಿಗಳ ಮಡಿಲಲ್ಲಿತ್ತು.

ರಾಬಿನ್ಸ್ ಮೊದಲು ಬ್ರೆಕ್ಸಿಟ್‌ಗೆಂದೇ ಹುಟ್ಟಿದ ಹೊಸ ಇಲಾಖೆಯ ಕಾರ್ಯದರ್ಶಿ. 2017ರ ಸೆಪ್ಟೆಂಬರ್‌ನಲ್ಲಿ ಅವರನ್ನು ಸಂಪುಟ ಕಚೇರಿಗೆ ವರ್ಗಾಯಿಸಿ ಪ್ರಧಾನಿ ತೆರೆಸಾ ಮೇ ಅವರ ಯುರೋಪ್ ಸಲಹೆಗಾರರನ್ನಾಗಿ ಮಾಡಿದರು. ಮೇಲ್ನೋಟಕ್ಕೆ ಇದೊಂದು ವರ್ಗಾವಣೆ. ಆದರೆ ಅಲ್ಲಿಂದಾಚೆ ಕರಡಿನ ಲೇಖನಿ ಪ್ರಧಾನಿ ಕಚೇರಿಯಲ್ಲಿ, ಸಂಸತ್ತಿಗೆ ಉತ್ತರ ಹೇಳುವ ಹೊಣೆ ಇಲಾಖೆಯ ಮಂತ್ರಿಯ ಮೇಲೆ. ಡೇವಿಸ್ 2018ರ ಜುಲೈನಲ್ಲಿ, ಅವರ ನಂತರದ ಡಾಮಿನಿಕ್ ರಾಬ್ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು ಹೋದರು. ಅಧಿಕಾರ ಒಂದು ಕಡೆ, ಹೊಣೆ ಇನ್ನೊಂದು ಕಡೆ ಇದ್ದರೆ ಯಾವ ಇಲಾಖೆಯಲ್ಲೂ ಆಗುವುದು ಇದೇ.

ಎರಡು ಕಡೆಯ ಸಿದ್ಧತೆಯಲ್ಲಿದ್ದ ವ್ಯತ್ಯಾಸವನ್ನೂ ಗಮನಿಸಬೇಕು. ಒಕ್ಕೂಟದ ಅಧಿಕಾರಿಗಳಿಗೆ ಲಿಖಿತ ಆದೇಶವಿತ್ತು: ಉಳಿದ 27 ಸದಸ್ಯ ದೇಶಗಳ ನಾಯಕರು 2017ರ ಏಪ್ರಿಲ್ 29ರಂದು ಮಾರ್ಗಸೂಚಿ ಕೊಟ್ಟರು, ಮೇ 22ರಂದು ವಿವರವಾದ ನಿರ್ದೇಶನ ಬಂತು. ಪ್ರತಿಯೊಂದು ಟಿಪ್ಪಣಿಯನ್ನೂ 27 ದೇಶಗಳ ಪ್ರತಿನಿಧಿಗಳಿಗೆ ತೋರಿಸಿ, ಅವರ ಆಕ್ಷೇಪ ಕೇಳಿಯೇ ಮುಂದಿಡುತ್ತಿದ್ದರು. ಬ್ರಿಟನ್ನಿನಲ್ಲಿ ಜನಮತಕ್ಕೆ ಮುಂಚೆ ‘ಬಿಡೋಣ’ ಎಂಬ ಫಲಿತಾಂಶ ಬಂದರೆ ಏನು ಮಾಡಬೇಕೆಂದು ಅಧಿಕಾರಿಗಳು ಯೋಜನೆ ಹಾಕಿಕೊಳ್ಳಲು ಆಗಿನ ಸರ್ಕಾರ ಬಿಡಲಿಲ್ಲ. ಸಂಸತ್ತಿನ ವಿದೇಶಾಂಗ ಸಮಿತಿ ಇದನ್ನು ಘೋರ ನಿರ್ಲಕ್ಷ್ಯ ಎಂದೇ ಕರೆಯಿತು. ಆಮೇಲೆ ನಡೆದದ್ದು ಯುದ್ಧಕಾಲೇ ಶಸ್ತ್ರಾಭ್ಯಾಸ. ವ್ಯಾಪಾರ ಒಪ್ಪಂದಗಳನ್ನು 1973ರಿಂದ ಒಕ್ಕೂಟವೇ ಮಾಡುತ್ತಿದ್ದುದರಿಂದ ಆ ಕೆಲಸದಲ್ಲಿ ಪಳಗಿದವರು ಮನೆಯಲ್ಲಿರಲಿಲ್ಲ. ನ್ಯೂಜಿಲೆಂಡಿನ ಅನುಭವಿ ಕ್ರಾಫರ್ಡ್ ಫಾಲ್ಕನರ್ ಅವರನ್ನು 2017ರಲ್ಲಿ ಕರೆತಂದರು. ಮಾತುಕತೆಯ ಆಚೆಗೆ, ದೇಶದೊಳಗಿನ ಸಿದ್ಧತೆಗೇ 2019ರ ಅಕ್ಟೋಬರ್ ಹೊತ್ತಿಗೆ ಸುಮಾರು 22,000 ಸಿಬ್ಬಂದಿ ಬೇಕಾಯಿತು ಎಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ಹೇಳಿದೆ.

ಭವಿಷ್ಯದ ಸಂಬಂಧ ಹೇಗಿರಬೇಕು ಎಂಬ ಬಗ್ಗೆ ಬ್ರಿಟನ್ ಸಂಪುಟ ಒಂದು ನಿಲುವಿಗೆ ಬಂದದ್ದು 2018ರ ಜುಲೈ 6ರಂದು, ಒಕ್ಕೂಟ ಬಿಡುತ್ತೇವೆಂದು ನೋಟಿಸ್ ಕೊಟ್ಟು ಹದಿನೈದು ತಿಂಗಳಾದ ಮೇಲೆ. ಅದೂ ಮೂರು ದಿನ ಬಾಳಲಿಲ್ಲ. ಮೊದಲು ಡೇವಿಸ್, ಅದರ ಮಾರನೆಯ ದಿನ ವಿದೇಶಾಂಗ ಮಂತ್ರಿ ಬೋರಿಸ್ ಜಾನ್ಸನ್ ಹೊರನಡೆದರು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಸಂಪುಟದಿಂದ ಸ್ಪಷ್ಟ ಆದೇಶ ಸಿಗದ ಅಧಿಕಾರಿ ಎಷ್ಟೇ ಜಾಣನಾದರೂ ಮೇಜಿನ ಮುಂದೆ ಸಮಯ ದೂಡಬಲ್ಲನೇ ಹೊರತು ಗೆಲ್ಲಲಾರ. ಬ್ರೆಕ್ಸಿಟ್‌ನ ಬಹುಪಾಲು ಎಡವಟ್ಟುಗಳ ಬೇರು ಇಲ್ಲೇ ಇದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ‘50ನೇ ವಿಧಿ’ ಎಂದು ಪದೇ ಪದೇ ಓದಿದ್ದೇವೆ. ಅದನ್ನು ಬರೆದವರು ಯಾರು? ಎರಡು ವರ್ಷದ ಗಡುವು ಯಾಕೆ?
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಸದಸ್ಯ ದೇಶ ಒಕ್ಕೂಟ ಬಿಡುವ ಕ್ರಮವನ್ನು ಹೇಳುವ ವಿಧಿ ಅದು. ಅದರ ಕರಡು ಬರೆದದ್ದೂ ಒಬ್ಬ ಬ್ರಿಟಿಷ್ ಅಧಿಕಾರಿಯೇ, ರಾಯಭಾರಿಯಾಗಿದ್ದ ಜಾನ್ ಕೆರ್. 2002–03ರಲ್ಲಿ ಯುರೋಪಿಗೊಂದು ಸಂವಿಧಾನ ರಚಿಸಲು ಸೇರಿದ್ದ ಸಮಾವೇಶದ ಪ್ರಧಾನ ಕಾರ್ಯದರ್ಶಿ ಅವರು. ಯಾವುದಾದರೂ ಸದಸ್ಯ ದೇಶದಲ್ಲಿ ಸರ್ವಾಧಿಕಾರಿ ಬಂದು, ಆ ದೇಶ ಸಿಟ್ಟಿನಿಂದ ಎದ್ದು ಹೋದರೆ ಹಿಂದೆ ಗೊಂದಲ ಉಳಿಯಬಾರದು ಎಂಬುದು ಅವರ ಮನಸ್ಸಿನಲ್ಲಿದ್ದ ಚಿತ್ರ ಎಂದು ಅವರೇ ಮುಂದೆ ಹೇಳಿದ್ದಾರೆ. 2005ರಲ್ಲಿ ಫ್ರಾನ್ಸ್, ನೆದರ್ಲೆಂಡ್ಸ್ ಮತದಾರರು ಆ ಸಂವಿಧಾನವನ್ನು ತಿರಸ್ಕರಿಸಿದರೂ ಈ ವಿಧಿ ಲಿಸ್ಬನ್ ಒಪ್ಪಂದಕ್ಕೆ ಬಂದು 2009ರ ಡಿಸೆಂಬರ್ 1ರಿಂದ ಜಾರಿಯಾಯಿತು.

ಐದೇ ಪರಿಚ್ಛೇದ. ಬಿಡುವ ದೇಶ ನೋಟಿಸ್ ಕೊಡಬೇಕು. ಕೊಟ್ಟು ಎರಡು ವರ್ಷಕ್ಕೆ, ಒಪ್ಪಂದ ಆಗಲಿ ಬಿಡಲಿ, ಸದಸ್ಯತ್ವ ಮುಗಿಯುತ್ತದೆ. ಗಡುವು ಮುಂದೂಡಲು ಉಳಿದ ಎಲ್ಲ ದೇಶಗಳೂ ಒಪ್ಪಬೇಕು; ಒಪ್ಪಂದ ಪಾಸಾಗಲು ಮಾತ್ರ ವಿಶೇಷ ಬಹುಮತ ಮತ್ತು ಯುರೋಪಿಯನ್ ಸಂಸತ್ತಿನ ಸಮ್ಮತಿ ಸಾಕು. ಉಳಿದವರು ಈ ಬಗ್ಗೆ ಚರ್ಚಿಸುವಾಗ ಬಿಡುವವರು ಕೋಣೆಯಲ್ಲಿ ಇರುವಂತಿಲ್ಲ. ಹೀಗಾಗಿ ದಿನ ಕಳೆದಂತೆ ಬಲ ಹೆಚ್ಚುವುದು ಉಳಿದವರಿಗೆ.

ಆದ್ದರಿಂದ ನೋಟಿಸ್ ಯಾವ ದಿನ ಕೊಡುತ್ತೀರಿ ಎಂಬುದೇ ಬಿಡುವವರ ಕೈಯಲ್ಲಿರುವ ಏಕೈಕ ದೊಡ್ಡ ಅಸ್ತ್ರ. ಆರು ಪುಟಗಳ ಪತ್ರವನ್ನು 2017ರ ಮಾರ್ಚ್ 29ರಂದು ರಾಯಭಾರಿ ಟಿಮ್ ಬ್ಯಾರೊ ಅವರು ಒಕ್ಕೂಟದ ನಾಯಕರ ಮಂಡಳಿಯ ಅಧ್ಯಕ್ಷ ಡೊನಾಲ್ಡ್ ಟಸ್ಕ್ ಕೈಗೆ ಕೊಟ್ಟರು. ಮೂರು ವಾರ ಕಳೆಯುವುದರೊಳಗೆ ಪ್ರಧಾನಿ ತೆರೆಸಾ ಮೇ ಸಂಸತ್ ಚುನಾವಣೆ ಘೋಷಿಸಿದರು. ಮೊದಲ ಸಭೆಯ ಹೊತ್ತಿಗೆ 82 ದಿನ ಸಂದಿತ್ತು, ಸಂಸತ್ತಿನಲ್ಲಿ ಬಹುಮತವೂ ಕೈಬಿಟ್ಟಿತ್ತು. ಗಡುವನ್ನು ಕೊನೆಗೆ ಮೂರು ಸಲ ಮುಂದೂಡಬೇಕಾಯಿತು. ಕೊಟ್ಟ ನೋಟಿಸನ್ನು ಏಕಪಕ್ಷೀಯವಾಗಿ ಹಿಂಪಡೆಯಬಹುದೇ ಎಂಬುದಕ್ಕೆ ವಿಧಿಯಲ್ಲಿ ಉತ್ತರವೇ ಇರಲಿಲ್ಲ. ಹಿಂಪಡೆಯಬಹುದು ಎಂದು ಯುರೋಪಿಯನ್ ನ್ಯಾಯಾಲಯ ಹೇಳಿದ್ದು 2018ರ ಡಿಸೆಂಬರ್ 10ರಂದು.

ಪ್ರಶ್ನೆ: ಮಾತಾಡಿದ್ದು ಬರಹವಾಗಿ ಒಪ್ಪಂದದ ರೂಪ ಪಡೆಯುವುದು ಹೇಗೆ? ಒಂದೊಂದು ಪದಕ್ಕೂ ಜಗಳ ಎನ್ನುತ್ತಾರಲ್ಲ, ಉದಾಹರಣೆ ಕೊಡುತ್ತೀರಾ?
– ವಕೀಲರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಬರುವುದು ಯಾರನ್ನೂ ಕಟ್ಟಿಹಾಕದ, ಸಹಿ-ಲೆಟರ್‌ಹೆಡ್ ಯಾವುದೂ ಇಲ್ಲದ ಟಿಪ್ಪಣಿ. ‘ಹೀಗೆ ಮಾಡಿದರೆ ನಿಮಗೆ ಹೇಗೆ?’ ಎಂದು ನಾಡಿ ನೋಡುವುದಕ್ಕೆ ಅದು. ಆಮೇಲೆ ಅಧಿಕೃತ ನಿಲುವು ಪತ್ರ. ಅದರ ಮೇಲೆ ರಾಜಕೀಯ ಒಪ್ಪಿಗೆ. ಕೊನೆಗೆ ಕಾನೂನು ವಿಭಾಗದವರು ಕೂತು ಒಪ್ಪಿಗೆಯನ್ನು ವಿಧಿ, ಉಪವಿಧಿಗಳಾಗಿ ಬರೆಯುವುದು. ಮೊದಲ ಕರಡು ಯಾರು ಬರೆಯುತ್ತಾರೋ ಅವರದೇ ಮೇಲುಗೈ, ಏಕೆಂದರೆ ಎದುರಿನವರು ಅಲ್ಲಿಂದಾಚೆ ತಿದ್ದುಪಡಿ ಕೇಳುವವರಾಗುತ್ತಾರೆ. ಇಲ್ಲಿ ಕರಡು ಬರೆದದ್ದು ಒಕ್ಕೂಟ, 2018ರ ಫೆಬ್ರವರಿ 28ರಂದು.

ಮೂರು ವಾರದ ನಂತರ, ಮಾರ್ಚ್ 19ರಂದು, ಅದೇ ಕರಡು ಬಣ್ಣ ಬಳಿದುಕೊಂಡು ಹೊರಬಂತು. ಹಸಿರು ಬಳಿದ ಸಾಲು ಅಂದರೆ ಒಪ್ಪಿಗೆಯಾಗಿದೆ, ಇನ್ನು ಕಾನೂನು ಭಾಷೆಯ ಒರೆ ಮಾತ್ರ. ಹಳದಿ ಅಂದರೆ ಉದ್ದೇಶಕ್ಕೆ ಒಪ್ಪಿಗೆ ಇದೆ, ಪದಗಳಿಗೆ ಇಲ್ಲ. ಬಿಳಿ ಅಂದರೆ ಒಕ್ಕೂಟ ಬರೆದದ್ದು, ಬ್ರಿಟನ್ ಒಪ್ಪಿಲ್ಲ. ಪುಟ ತಿರುವಿದರೆ ನಾಗರಿಕರ ಹಕ್ಕಿನ ಭಾಗ, ಹಣದ ಭಾಗ ಹಸಿರೋ ಹಸಿರು. ಐರ್ಲೆಂಡ್ ಭಾಗಕ್ಕೆ ಬಂದರೆ ಬಹುಪಾಲು ಬಿಳಿ. ಎಲ್ಲಿ ಸಿಕ್ಕು ಬಿದ್ದಿದೆ ಎಂಬುದು ಒಂದಕ್ಷರ ಓದದವನಿಗೂ ಕಾಣುತ್ತಿತ್ತು. ಯಾವುದೇ ದೊಡ್ಡ ಕರಡನ್ನು ನಡೆಸುವವರು ಕಲಿಯಬೇಕಾದ ಪದ್ಧತಿ ಇದು.

ಪದದ ಜಗಳಕ್ಕೆ ಬರೋಣ. ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ಗಣರಾಜ್ಯದ ನಡುವೆ ಸುಮಾರು 500 ಕಿ.ಮೀ. ಗಡಿ, ದಾಟಲು 200ಕ್ಕೂ ಹೆಚ್ಚು ರಸ್ತೆ. ಅಲ್ಲಿ ತಪಾಸಣೆ ಕಟ್ಟೆಗಳು ಮತ್ತೆ ಬರಬಾರದು ಎಂದು ಎರಡೂ ಕಡೆ ಒಪ್ಪಿದ್ದವು. ಗಡಿಯಾಚೆಗಿನ ಸಹಕಾರ ಎಲ್ಲೆಲ್ಲಿ ಇದೆ ಎಂದು ಅಧಿಕಾರಿಗಳು ಒಂದೊಂದಾಗಿ ಪಟ್ಟಿ ಮಾಡಿದಾಗ ಆಂಬುಲೆನ್ಸ್‌ನಿಂದ ಜಾನುವಾರು ರೋಗದವರೆಗೆ 142 ವಿಷಯ ಸಿಕ್ಕವು. 2017ರ ಡಿಸೆಂಬರ್ 4ರಂದು, ಅಲ್ಲಿಯವರೆಗಿನ ಒಪ್ಪಿಗೆಗಳ ಜಂಟಿ ವರದಿ ಸಿದ್ಧವಾಗಿತ್ತು. ಉತ್ತರ ಐರ್ಲೆಂಡಿನಲ್ಲಿ ‘ನಿಯಮಗಳು ಬೇರೆಯಾಗುವುದಿಲ್ಲ’ ಎಂದು ಮೊದಲಿದ್ದ ಸಾಲನ್ನು ‘ನಿಯಮಗಳ ಹೊಂದಾಣಿಕೆ ಮುಂದುವರಿಯುವುದು’ ಎಂದು ಮೆದುಗೊಳಿಸಿದ್ದರು. ಆದರೆ ಪ್ರಧಾನಿ ಬ್ರಸೆಲ್ಸ್‌ನಲ್ಲಿ ಊಟಕ್ಕೆ ಕೂತಿದ್ದಾಗಲೇ, ಸರ್ಕಾರಕ್ಕೆ ಬೆಂಬಲ ಕೊಟ್ಟಿದ್ದ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷ ಇದನ್ನು ತಿರಸ್ಕರಿಸಿತು. ಸಹಿ ನಿಂತಿತು.

ನಾಲ್ಕು ದಿನದ ನಂತರ ಬಂದ ವರದಿಯಲ್ಲಿ 49ನೇ ಪರಿಚ್ಛೇದ, ಬೇರೆ ಪರಿಹಾರ ಸಿಗದಿದ್ದರೆ ಐರ್ಲೆಂಡ್ ದ್ವೀಪದ ಸಹಕಾರಕ್ಕೆ ಬೇಕಾದಷ್ಟು ಒಕ್ಕೂಟದ ನಿಯಮಗಳ ಜೊತೆ ಬ್ರಿಟನ್ ಹೊಂದಿಕೊಂಡಿರುತ್ತದೆ ಎಂದಿತು. ಹೊಸದಾಗಿ ಸೇರಿದ, ಅದೇ ವರದಿಯ 50ನೇ ಪರಿಚ್ಛೇದ (ಮೇಲೆ ಹೇಳಿದ 50ನೇ ವಿಧಿ ಬೇರೆ), ಉತ್ತರ ಐರ್ಲೆಂಡಿಗೂ ಬ್ರಿಟನ್ನಿನ ಉಳಿದ ಭಾಗಕ್ಕೂ ನಡುವೆ, ಉತ್ತರ ಐರ್ಲೆಂಡಿನ ಸರ್ಕಾರ ಮತ್ತು ವಿಧಾನಸಭೆ ಒಪ್ಪದ ಹೊರತು, ಹೊಸ ಅಡ್ಡಿ ಬರುವುದಿಲ್ಲ ಎಂದಿತು. ಇಡೀ ಬ್ರಿಟನ್ ಒಕ್ಕೂಟದ ನಿಯಮ ಬಿಟ್ಟು ಹೊರಟರೆ ಈ ಎರಡನ್ನೂ ಒಟ್ಟಿಗೆ ನಡೆಸಲು ಸಾಧ್ಯವೇ ಇಲ್ಲ. ಬರೆದ ಅಧಿಕಾರಿಗಳಿಗೆ ಇದು ಗೊತ್ತಿತ್ತು ಎಂದೇ ನಾವು ಭಾವಿಸುತ್ತೇವೆ. ಆ ವಾರ ಮಾತುಕತೆ ಮುರಿಯದಿರಲು ಎರಡು ಕಡೆಯವರೂ ತಮಗೆ ಬೇಕಾದ ಪರಿಚ್ಛೇದ ಓದಿಕೊಂಡರು. ಫೆಬ್ರವರಿಯ ಕರಡಿನಲ್ಲಿ ಒಕ್ಕೂಟ 49ನ್ನು ಕಾನೂನು ಮಾಡಿ ಬರೆದು, 50ನ್ನು ಬಿಟ್ಟಿತು. ಅದು ಬ್ರಿಟನ್ ತನ್ನ ಮನೆಯೊಳಗೆ ಬಗೆಹರಿಸಿಕೊಳ್ಳಬೇಕಾದ ಮಾತು ಎಂಬುದು ಒಕ್ಕೂಟದ ವಾದ. ಮುಂದಿನ ಎರಡು ವರ್ಷದ ಜಗಳವೆಲ್ಲ ಈ ಎರಡು ಪರಿಚ್ಛೇದಗಳ ನಡುವಿನ ಸಂದಿಯಲ್ಲೇ ನಡೆಯಿತು. ಕರಡು ಬರೆಯುವವರು ಜಾಣತನದ ಅಸ್ಪಷ್ಟತೆಯಿಂದ ಒಂದು ವಾರ ಉಳಿಸಬಹುದು, ಆದರೆ ಕಾನೂನಿನ ಭಾಷೆಗೆ ಇಳಿಸುವ ದಿನ ಅದು ಬಡ್ಡಿ ಸಮೇತ ಎದುರು ಬಂದು ನಿಲ್ಲುತ್ತದೆ.

ಕೊನೆಯ ಹಂತಕ್ಕೆ ಬ್ರಸೆಲ್ಸ್‌ನಲ್ಲಿ ‘ಸುರಂಗ’ ಎನ್ನುತ್ತಾರೆ. ಕೆಲವೇ ಅಧಿಕಾರಿಗಳು ಒಳಗೆ ಹೋಗಿ, ಪತ್ರಿಕೆಗಳಿಗೆ ಒಂದು ಮಾತೂ ಸೋರದಂತೆ ದಿನಗಟ್ಟಲೆ ಕೂತು ಮುಗಿಸುವುದು. 2018ರ ಅಕ್ಟೋಬರ್‌ನಲ್ಲಿ ಹೀಗೆ ತಯಾರಾದ ಪಠ್ಯ 14ರ ಭಾನುವಾರ ರಾಬ್ ಬ್ರಸೆಲ್ಸ್‌ಗೆ ಹೋದಾಗ ಬಿದ್ದುಹೋಯಿತು. ಅಧಿಕಾರಿಗಳ ಮಟ್ಟದಲ್ಲಿ ಮುಗಿದದ್ದಕ್ಕೆ ರಾಜಕೀಯ ಒಪ್ಪಿಗೆ ಸಿಗಲಿಲ್ಲ. ತಿಂಗಳ ನಂತರ, ನವೆಂಬರ್ 14ರಂದು, 185 ವಿಧಿಗಳ 585 ಪುಟದ ಒಪ್ಪಂದ ಪ್ರಕಟವಾಯಿತು. ಆಗಲೂ ಸ್ಪೇನ್ ಎದ್ದು ನಿಂತಿತು: 184ನೇ ವಿಧಿಯ ಮಾತು, ಸ್ಪೇನ್ ತನ್ನದೆನ್ನುವ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್‌ಗೂ ಅನ್ವಯಿಸುವಂತಿದೆ, ನಮ್ಮನ್ನು ಕೇಳದೆ ಸೇರಿಸಿದ್ದೀರಿ ಎಂದು. ನವೆಂಬರ್ 25ರ ಶೃಂಗಸಭೆಯ ಹಿಂದಿನ ದಿನ ಲಿಖಿತ ಭರವಸೆ ಕೊಟ್ಟು ಸಮಾಧಾನ ಮಾಡಬೇಕಾಯಿತು. ಕೊನೆ ಗಳಿಗೆಯಲ್ಲಿ ಸೇರಿಸಿದ ಸಾಲನ್ನು ಸಂಬಂಧಪಟ್ಟವರಿಗೆಲ್ಲ ತೋರಿಸದಿದ್ದರೆ ಆಗುವ ಪೆಟ್ಟು ಇದು.

ಇಷ್ಟಾದ ಮೇಲೂ ಬ್ರಿಟಿಷ್ ಸಂಸತ್ತು ಆ ಪಠ್ಯವನ್ನು ಮೂರು ಸಲ ತಿರಸ್ಕರಿಸಿತು. ಮೊದಲ ಸಲದ ಅಂತರವೇ 230 ಮತ.

ಪ್ರಶ್ನೆ: ಸರ್ಕಾರದ ನಿರ್ಧಾರ ತಪ್ಪು ಎಂದು ಅಧಿಕಾರಿಗೆ ಖಚಿತವಿದ್ದರೆ ಏನು ಮಾಡಬೇಕು?
– ಸರ್ಕಾರಿ ನೌಕರರೊಬ್ಬರು, ಬೆಂಗಳೂರು

ಉತ್ತರ: ಬರೆಯಬೇಕು. ಬ್ರಿಟನ್ನಿನ ನಾಗರಿಕ ಸೇವಾ ಸಂಹಿತೆಗೆ 2010ರ ಕಾಯ್ದೆಯ ಬಲವಿದೆ. ನಿಷ್ಠೆ, ಪ್ರಾಮಾಣಿಕತೆ, ವಸ್ತುನಿಷ್ಠತೆ, ನಿಷ್ಪಕ್ಷಪಾತ ಎಂದು ಅದರಲ್ಲಿ ನಾಲ್ಕು ಮೌಲ್ಯ. ಇದರ ಅರ್ಥ, ಮಂತ್ರಿಗೆ ಹಿಡಿಸದ ಸತ್ಯವನ್ನೂ ಕಡತದಲ್ಲಿ ಬರೆಯುವುದು. ಬರೆದ ಮೇಲೂ ಮಂತ್ರಿ ತನ್ನ ದಾರಿಯೇ ಸರಿ ಎಂದರೆ, ಅದು ಕಾನೂನಿಗೆ ವಿರುದ್ಧವಲ್ಲದಿದ್ದರೆ, ಮನಸ್ಸಿಟ್ಟು ಜಾರಿ ಮಾಡುವುದು. ಹಣದ ವಿಷಯವಾದರೆ ಇಲಾಖೆಯ ಕಾರ್ಯದರ್ಶಿ ಮಂತ್ರಿಯಿಂದ ಲಿಖಿತ ನಿರ್ದೇಶನ ಕೇಳಬಹುದು. ಕೇಳಿದರೆ ಹೊಣೆ ಮಂತ್ರಿಯದಾಗುತ್ತದೆ, ಅದು ಪ್ರಕಟವೂ ಆಗುತ್ತದೆ.

ಎರಡು ಪ್ರಸಂಗ ನೆನಪಿಡಿ. ಬ್ರಸೆಲ್ಸ್‌ನಲ್ಲಿ ಬ್ರಿಟನ್ನಿನ ಖಾಯಂ ಪ್ರತಿನಿಧಿಯಾಗಿದ್ದ ಐವನ್ ರಾಜರ್ಸ್, ವ್ಯಾಪಾರ ಒಪ್ಪಂದಕ್ಕೆ ಹತ್ತು ವರ್ಷ ಹಿಡಿಯಬಹುದು ಎಂಬುದು ಉಳಿದ ದೇಶಗಳ ಎಣಿಕೆ ಎಂದು ತಿಳಿಸಿದ್ದರು. 2016ರ ಡಿಸೆಂಬರ್‌ನಲ್ಲಿ ಅದು ಸೋರಿಕೆಯಾಗಿ ‘ನಿರಾಶಾವಾದಿ’ ಎಂಬ ಹಣೆಪಟ್ಟಿ ಬಿತ್ತು. 2017ರ ಜನವರಿ 3ರಂದು, ಅವಧಿಗೆ ತಿಂಗಳುಗಳ ಮುಂಚೆಯೇ, ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆ ಪತ್ರದಲ್ಲಿ, ಅಧಿಕಾರದಲ್ಲಿರುವವರಿಗೆ ಸತ್ಯ ಹೇಳಲು ಹಿಂಜರಿಯಬೇಡಿ ಎಂದು ಸಹೋದ್ಯೋಗಿಗಳಿಗೆ ಬರೆದರು. ನೋಟಿಸ್ ಕೊಡಲು ಮೂರು ತಿಂಗಳೂ ಇಲ್ಲದಾಗ, ಬ್ರಸೆಲ್ಸ್‌ನ ಒಳಹೊರಗು ಬಲ್ಲ ಅಧಿಕಾರಿ ಹೊರಟುಹೋದದ್ದು ಬ್ರಿಟನ್ನಿಗೆ ದೊಡ್ಡ ನಷ್ಟ.

ಇನ್ನೊಬ್ಬರು ಸರ್ಕಾರಿ ಕಾನೂನು ವಿಭಾಗದ ಮುಖ್ಯಸ್ಥ ಜೊನಾಥನ್ ಜೋನ್ಸ್. ಸಹಿ ಹಾಕಿದ ಒಪ್ಪಂದದ ಐರ್ಲೆಂಡ್ ಭಾಗವನ್ನು ಮೀರುವ ಅಧಿಕಾರ ಕೊಡುವ ಮಸೂದೆ ಬಂದಾಗ, 2020ರ ಸೆಪ್ಟೆಂಬರ್ 8ರಂದು ಅವರು ಹುದ್ದೆ ಬಿಟ್ಟರು. ಅದೇ ದಿನ ಮಂತ್ರಿಯೊಬ್ಬರು, ಇದು ‘ನಿರ್ದಿಷ್ಟ ಮತ್ತು ಸೀಮಿತ ರೀತಿಯಲ್ಲಿ’ ಅಂತಾರಾಷ್ಟ್ರೀಯ ಕಾನೂನನ್ನು ಮುರಿಯುತ್ತದೆ ಎಂದು ಸಂಸತ್ತಿನಲ್ಲೇ ಒಪ್ಪಿಕೊಂಡರು. ಮೊದಲನೆಯದು ಸಲಹೆಗೆ ಕಿವಿ ಸಿಗದ ಪ್ರಸಂಗ, ಎರಡನೆಯದು ಕಾನೂನಿನ ಗೆರೆ ದಾಟಿದ ಪ್ರಸಂಗ. ಎರಡರಲ್ಲೂ ಅಧಿಕಾರಿ ತಾನಾಗಿ ಸುದ್ದಿಗೋಷ್ಠಿ ಕರೆಯಲಿಲ್ಲ ಎಂಬುದನ್ನೂ ಗಮನಿಸಿ. ಹೆಸರು ಹಿಡಿದು ಬೈದರೂ ಉತ್ತರ ಕೊಡುವಂತಿಲ್ಲ ಎಂಬುದು ಈ ಉದ್ಯೋಗದ ಕಷ್ಟ. ರಾಬಿನ್ಸ್ ಮೇಲೆ ರಾಜಕಾರಣಿಗಳು ಮುಗಿಬಿದ್ದಾಗ ಅವರ ಪರವಾಗಿ ಪತ್ರಿಕೆಗೆ ಬರೆಯಬೇಕಾದದ್ದು ಅವರ ಮೇಲಧಿಕಾರಿ ಮಾರ್ಕ್ ಸೆಡ್ವಿಲ್.

ಪ್ರಶ್ನೆ: ನಮ್ಮ ಸಂಬಂಧಿಕರು ಮೂಲತಃ ಗೋವಾದವರು, ಪೋರ್ಚುಗಲ್ ಪಾಸ್‌ಪೋರ್ಟ್ ಪಡೆದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದಾರೆ. ಅವರ ಹಕ್ಕು ಈ ಒಪ್ಪಂದದಲ್ಲಿ ಹೇಗೆ ಉಳಿಯಿತು? ಈಗ ಏನು ಎಚ್ಚರ ವಹಿಸಬೇಕು?
– ಓದುಗರೊಬ್ಬರು, ಕಾರವಾರ

ಉತ್ತರ: ಪೋರ್ಚುಗಲ್ ಪಾಸ್‌ಪೋರ್ಟ್ ಇದ್ದವರು ಎಲ್ಲಿ ಹುಟ್ಟಿದ್ದರೂ ಒಕ್ಕೂಟದ ನಾಗರಿಕರೇ. 2020ರ ಡಿಸೆಂಬರ್ 31ರೊಳಗೆ (ಹೊರಬಂದ ಮೇಲೂ ಹಳೆಯ ನಿಯಮಗಳೇ ನಡೆದ ಪರಿವರ್ತನಾ ಅವಧಿ ಮುಗಿದದ್ದು ಅಂದು) ಬ್ರಿಟನ್ನಿನಲ್ಲಿ ವಾಸಿಸುತ್ತಿದ್ದವರಿಗೆ ಒಪ್ಪಂದದ ಎರಡನೇ ಭಾಗ ಹಕ್ಕು ಕೊಡುತ್ತದೆ.

ಇಲ್ಲಿ ಅಧಿಕಾರಿಗಳ ಮುಂದೆ ಎರಡು ದಾರಿ ಇದ್ದವು. ಒಂದು, ಹಕ್ಕು ತಾನಾಗಿಯೇ ಇದೆ, ಕಾರ್ಡು ಅದಕ್ಕೆ ಪುರಾವೆ ಮಾತ್ರ ಎನ್ನುವುದು. ಇನ್ನೊಂದು, ಅರ್ಜಿ ಹಾಕಿ ಮಂಜೂರಾದರೆ ಮಾತ್ರ ಹಕ್ಕು ಎನ್ನುವುದು. 18ನೇ ವಿಧಿ ಎರಡಕ್ಕೂ ಅವಕಾಶ ಕೊಟ್ಟಿತು. ಜರ್ಮನಿ, ಸ್ಪೇನ್ ಮೊದಲನೆಯದನ್ನು ಆರಿಸಿದವು. ಬ್ರಿಟನ್, ಫ್ರಾನ್ಸ್ ಎರಡನೆಯದನ್ನು. ಮೊದಲನೆಯದರಲ್ಲಿ ಅರ್ಜಿ ಮರೆತ ಅಜ್ಜಿಯ ಹಕ್ಕು ಉಳಿಯುತ್ತದೆ, ಆದರೆ ಯಾರಿಗೆ ಹಕ್ಕಿದೆ ಎಂಬ ಪಟ್ಟಿ ಸರ್ಕಾರದ ಬಳಿ ಇರುವುದಿಲ್ಲ. ಎರಡನೆಯದರಲ್ಲಿ ಪಟ್ಟಿ ಇರುತ್ತದೆ, ಮರೆತವರು ಕಷ್ಟಕ್ಕೆ ಬೀಳುತ್ತಾರೆ. ಬ್ರಿಟನ್ನಿನ ಅರ್ಜಿ ಯೋಜನೆ 2019ರ ಮಾರ್ಚ್ 30ರಂದು ಪೂರ್ಣವಾಗಿ ತೆರೆಯಿತು. ಕೊನೆಯ ದಿನ 2021ರ ಜೂನ್ 30. ಮೊದಲು ಇಟ್ಟಿದ್ದ 65 ಪೌಂಡ್ ಶುಲ್ಕವನ್ನು ಕೈಬಿಟ್ಟರು.

ಐದು ವರ್ಷ ವಾಸ ಪೂರ್ಣವಾದವರಿಗೆ ಖಾಯಂ ಸ್ಥಾನ (ಸೆಟಲ್ಡ್ ಸ್ಟೇಟಸ್), ಇಲ್ಲದವರಿಗೆ ಪೂರ್ವಖಾಯಂ ಸ್ಥಾನ (ಪ್ರಿ-ಸೆಟಲ್ಡ್ ಸ್ಟೇಟಸ್). ಪೂರ್ವಖಾಯಂ ಇದ್ದವರು ಅವಧಿ ಮುಗಿಯುವ ಮುನ್ನ ಮತ್ತೆ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ ಎಂದು ಗೃಹ ಇಲಾಖೆ ನಿಯಮ ಮಾಡಿತ್ತು. ಒಪ್ಪಂದದಡಿ ಹುಟ್ಟಿದ ಸ್ವತಂತ್ರ ಉಸ್ತುವಾರಿ ಸಂಸ್ಥೆಯೇ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್ 21ರಂದು ಹೈಕೋರ್ಟು ಆ ನಿಯಮ ಕಾನೂನುಬಾಹಿರ ಎಂದಿತು. ಮಾತುಕತೆಯಲ್ಲಿ ಇಂಥ ಉಸ್ತುವಾರಿ ಸಂಸ್ಥೆ ಬೇಕೆಂದು ಬರೆದಿಟ್ಟವರ ದೂರದೃಷ್ಟಿ ಲಕ್ಷಾಂತರ ಜನರನ್ನು ಕಾಪಾಡಿತು.

ನಿಮ್ಮ ಸಂಬಂಧಿಕರಿಗೆ ಹೇಳಿ: ಸ್ಥಾನ ಈಗ ಆನ್‌ಲೈನ್ ದಾಖಲೆ. ಹೊಸ ಪಾಸ್‌ಪೋರ್ಟ್ ಮಾಡಿಸಿದ ತಕ್ಷಣ ಅದರ ಸಂಖ್ಯೆಯನ್ನು ಖಾತೆಯಲ್ಲಿ ಬದಲಿಸಬೇಕು, ಇಲ್ಲವಾದರೆ ವಿಮಾನ ನಿಲ್ದಾಣದಲ್ಲಿ ತಡೆಯಬಹುದು. ಖಾಯಂ ಸ್ಥಾನ ಇದ್ದವರು ಊರಿಗೆ ಬಂದು ಸತತ ಐದು ವರ್ಷಕ್ಕಿಂತ ಹೆಚ್ಚು ಇದ್ದುಬಿಟ್ಟರೆ ಸ್ಥಾನ ಹೋಗುತ್ತದೆ. ತಂದೆ ಅಥವಾ ತಾಯಿಗೆ ಖಾಯಂ ಸ್ಥಾನ ಸಿಕ್ಕ ಮೇಲೆ ಅಲ್ಲೇ ಹುಟ್ಟಿದ ಮಗು ಸಾಮಾನ್ಯವಾಗಿ ಬ್ರಿಟಿಷ್ ಪ್ರಜೆ. ಪತಿ ಅಥವಾ ಪತ್ನಿ ಭಾರತದ ಪಾಸ್‌ಪೋರ್ಟಿನವರಾಗಿದ್ದರೆ, ಮದುವೆ 2020 ಮುಗಿಯುವುದರೊಳಗೆ ಆಗಿತ್ತೇ ಎಂಬುದು ಮುಖ್ಯ; ಆಗಿದ್ದರೆ ಈಗಲೂ ಕುಟುಂಬ ಸದಸ್ಯರಾಗಿ ಸೇರುವ ದಾರಿ ಇದೆ. ಮದುವೆಯ ನೋಂದಣಿ ಪತ್ರದ ದೃಢೀಕೃತ ಪ್ರತಿ ಈಗಲೇ ತೆಗೆಸಿಟ್ಟುಕೊಳ್ಳಲಿ.

ಪ್ರಶ್ನೆ: ಬಿಟ್ಟುಹೋಗಲು ಬ್ರಿಟನ್ 39 ಶತಕೋಟಿ ಪೌಂಡ್ ಕೊಟ್ಟಿತು ಎನ್ನುತ್ತಾರೆ. ಆ ಅಂಕಿ ಹೇಗೆ ಬಂತು?
– ಲೆಕ್ಕಪರಿಶೋಧಕರು, ತುಮಕೂರು

ಉತ್ತರ: ಒಪ್ಪಂದದಲ್ಲಿ ಆ ಅಂಕಿಯೇ ಇಲ್ಲ! ಅಲ್ಲಿರುವುದು ಲೆಕ್ಕ ಹಾಕುವ ಕ್ರಮ ಮಾತ್ರ. 35ರಿಂದ 39 ಶತಕೋಟಿ ಎಂಬುದು ಬ್ರಿಟನ್ ಹಣಕಾಸು ಇಲಾಖೆಯ ಅಂದಾಜು. ಮೊತ್ತದ ಮೇಲೆ ಜಗಳವಾಡಿದರೆ ಎರಡೂ ಕಡೆಯ ಪತ್ರಿಕೆಗಳು ಬಿಡುವುದಿಲ್ಲ ಎಂದು ಅಧಿಕಾರಿಗಳಿಗೆ ತಿಳಿದಿತ್ತು. ಹಾಗಾಗಿ ಯಾವ ಬಾಬ್ತು ಸೇರುತ್ತದೆ, ಬ್ರಿಟನ್ ಪಾಲು ಎಷ್ಟನೇ ಅನುಪಾತ ಎಂದು ಮಾತ್ರ ಬರೆದರು. ಪಾಲಿನ ಲೆಕ್ಕಕ್ಕೆ 2014ರಿಂದ 2020ರವರೆಗೆ ಬ್ರಿಟನ್ ಒಕ್ಕೂಟಕ್ಕೆ ಕಟ್ಟಿದ್ದರ ಅನುಪಾತವೇ ಆಧಾರ. 2020ರ ಕೊನೆಯವರೆಗಿನ ವಂತಿಗೆ, ಒಪ್ಪಿಕೊಂಡು ಇನ್ನೂ ಪಾವತಿಯಾಗದ ಖರ್ಚು, ನೌಕರರ ಪಿಂಚಣಿ ಮುಖ್ಯ ಬಾಬ್ತುಗಳು. ಪಿಂಚಣಿಯ ಕಂತು 2060ರ ದಶಕದವರೆಗೂ ಸಾಗುತ್ತದೆ.

ಹಣ ಒಂದೇ ದಿಕ್ಕಿಗೆ ಹರಿಯಲಿಲ್ಲ. ಯುರೋಪಿಯನ್ ಹೂಡಿಕೆ ಬ್ಯಾಂಕಿನಲ್ಲಿ ಬ್ರಿಟನ್ ಇಟ್ಟಿದ್ದ ಬಂಡವಾಳ 12 ವಾರ್ಷಿಕ ಕಂತುಗಳಲ್ಲಿ ವಾಪಸು ಬರಬೇಕೆಂದು 150ನೇ ವಿಧಿ ಹೇಳುತ್ತದೆ: ಮೊದಲ ಹನ್ನೊಂದು ಕಂತು ತಲಾ 30 ಕೋಟಿ ಯೂರೊ, ಕೊನೆಯದು 19,59,03,950 ಯೂರೊ, 2030ರ ಡಿಸೆಂಬರ್ 15ಕ್ಕೆ. ಅಂಕಿ ಗೊತ್ತಿರುವಲ್ಲಿ ಕೊನೆಯ ಐವತ್ತು ಯೂರೊದವರೆಗೆ, ಗೊತ್ತಿಲ್ಲದಲ್ಲಿ ಸೂತ್ರ: ಒಳ್ಳೆಯ ಕರಡಿನ ಗುಣ ಇದು.

ಪ್ರಶ್ನೆ: ನಮ್ಮ ದೇಶದ ಅಧಿಕಾರಿಗಳೂ ಒಪ್ಪಂದ ಬಿಟ್ಟು ಬರುವ ಕೆಲಸ ಮಾಡಿದ್ದಾರೆಯೇ?
– ಪದವಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಮಾಡಿದ್ದಾರೆ, ಸದ್ದಿಲ್ಲದೆ. 2011ರಲ್ಲಿ ಆಸ್ಟ್ರೇಲಿಯದ ವೈಟ್ ಇಂಡಸ್ಟ್ರೀಸ್ ಕಂಪನಿ, ನಮ್ಮ ನ್ಯಾಯಾಲಯಗಳ ವಿಳಂಬದ ಕಾರಣಕ್ಕೆ, ಹೂಡಿಕೆ ಒಪ್ಪಂದದಡಿ ಭಾರತದ ವಿರುದ್ಧ ಮಧ್ಯಸ್ಥಿಕೆ ಗೆದ್ದಿತು. ಇಸ್ರೋದ ವಾಣಿಜ್ಯ ಸಂಸ್ಥೆಯಾದ ಬೆಂಗಳೂರಿನ ಆಂಟ್ರಿಕ್ಸ್ ಜೊತೆಗಿನ ದೇವಾಸ್ ಕಂಪನಿಯ ಕರಾರು 2011ರಲ್ಲಿ ರದ್ದಾದ ಮೇಲೆ ಅದರ ಹೂಡಿಕೆದಾರರು ಮಾರಿಷಸ್, ಜರ್ಮನಿ ಜೊತೆಗಿನ ಇಂಥದೇ ಒಪ್ಪಂದಗಳಡಿ ದಾವೆ ಹೂಡಿದರು. ಕೇಂದ್ರ ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆ ಹಳೆಯ ಒಪ್ಪಂದಗಳನ್ನೆಲ್ಲ ಪರಿಶೀಲಿಸಿ, 2015ರ ಡಿಸೆಂಬರ್‌ನಲ್ಲಿ ಹೊಸ ಮಾದರಿ ಪಠ್ಯ ತಂದಿತು. ಮುಂದೆ ಐವತ್ತಕ್ಕೂ ಹೆಚ್ಚು ದೇಶಗಳಿಗೆ ರದ್ದತಿ ನೋಟಿಸ್ ಹೋಯಿತು. ಮೊದಲ ಅವಧಿ ಇನ್ನೂ ಮುಗಿಯದ 25 ದೇಶಗಳಿಗೆ, ಹಳೆಯ ಪದಗಳ ಅರ್ಥವನ್ನು ಜಂಟಿಯಾಗಿ ಬಿಗಿಗೊಳಿಸೋಣ ಎಂಬ ಪತ್ರ ಹೋಯಿತು.

ನೋಟಿಸ್ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಇಂಥ ಒಪ್ಪಂದಗಳಲ್ಲಿ ‘ರದ್ದಾದ ಮೇಲೂ ಹಳೆಯ ಹೂಡಿಕೆಗೆ 10 ಅಥವಾ 15 ವರ್ಷ ರಕ್ಷಣೆ’ ಎಂಬ ಬಾಲಂಗೋಚಿ ಸಾಮಾನ್ಯವಾಗಿ ಇರುತ್ತದೆ. ರದ್ದು ಮಾಡುವ ಮೊದಲು ಓದಬೇಕಾದದ್ದು ಕೊನೆಯ ಪುಟವನ್ನೇ. ಅಂದಹಾಗೆ ಒಪ್ಪಂದ ಮಾಡುವುದು ಕೇಂದ್ರಪಟ್ಟಿಯ 14ನೇ ವಿಷಯ. ರಾಜ್ಯ ಸರ್ಕಾರದ ಅಧಿಕಾರಿಗಳಿಗೆ ಇದರಲ್ಲಿ ನೇರ ಪಾತ್ರವಿಲ್ಲ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಮಂತ್ರಿಗೆ ಸಲಹಾ ಟಿಪ್ಪಣಿ ಹೇಗಿರಬೇಕು ಎನ್ನುವುದಕ್ಕೆ ಈ ಮಾತುಕತೆಯಿಂದ ಒಂದು ಮಾದರಿ ಹೇಳಿ.
– ಬಳ್ಳಾರಿ

ಉತ್ತರ: ಬಾರ್ನಿಯೆ ತಂಡ 2017ರ ಡಿಸೆಂಬರ್ 15ರಂದು 27 ನಾಯಕರ ಮುಂದಿಟ್ಟ ಒಂದು ಪುಟದ ಚಿತ್ರವನ್ನು ಹುಡುಕಿ ನೋಡಿ. ಮೇಲಿನಿಂದ ಕೆಳಕ್ಕೆ ಇಳಿಯುವ ಮೆಟ್ಟಿಲು. ತುದಿಯಲ್ಲಿ ಒಕ್ಕೂಟದ ಸದಸ್ಯತ್ವ. ಕೆಳಗಿನ ಮೆಟ್ಟಿಲುಗಳ ಮೇಲೆ ನಾರ್ವೆ, ಸ್ವಿಟ್ಜರ್ಲೆಂಡ್, ಉಕ್ರೇನ್, ಟರ್ಕಿ ಬಾವುಟ, ಆಮೇಲೆ ಕೆನಡಾ ಮತ್ತು ದಕ್ಷಿಣ ಕೊರಿಯ, ಕೊನೆಗೆ ಒಪ್ಪಂದವೇ ಇಲ್ಲದ ನೆಲ. ಪ್ರತಿ ಮೆಟ್ಟಿಲಿನ ಕೆಳಗೆ, ಬ್ರಿಟನ್ ತಾನೇ ಎಳೆದುಕೊಂಡ ಯಾವ ಗೆರೆ ಆ ಮೆಟ್ಟಿಲನ್ನು ತೆಗೆದುಹಾಕುತ್ತದೆ ಎಂದು ಬರೆದಿದೆ. ಜನರ ಮುಕ್ತ ಸಂಚಾರ ಬೇಡವೆಂದರೆ ನಾರ್ವೆ, ಸ್ವಿಟ್ಜರ್ಲೆಂಡ್ ಹೋಯಿತು. ಯುರೋಪಿಯನ್ ನ್ಯಾಯಾಲಯ ಬೇಡವೆಂದರೆ ಉಕ್ರೇನ್ ಹೋಯಿತು. ಸ್ವಂತ ವ್ಯಾಪಾರ ನೀತಿ ಬೇಕೆಂದರೆ ಟರ್ಕಿ ಹೋಯಿತು. ಉಳಿದದ್ದು ಕೆನಡಾ, ಕೊರಿಯ. ಬೈಗುಳವಿಲ್ಲ, ಉಪದೇಶವಿಲ್ಲ, ವಿಶೇಷಣವಿಲ್ಲ.

ನೀವು ಬರೆಯುವಾಗ ಮೊದಲ ಸಾಲಿನಲ್ಲಿ ಯಾವ ನಿರ್ಧಾರ ಬೇಕು, ಯಾವ ದಿನದೊಳಗೆ ಬೇಕು ಎಂದು ಬರೆಯಿರಿ. ಆಮೇಲೆ ಮೂರಕ್ಕೆ ಮೀರದ ದಾರಿಗಳು, ಪ್ರತಿಯೊಂದಕ್ಕೂ ಖರ್ಚು ಮತ್ತು ಎದುರಿನವರ ಸಂಭವನೀಯ ಉತ್ತರ. ಒಂದು ದಾರಿ ಆರಿಸಿದರೆ ಇನ್ನಾವುದು ಕೈಬಿಡುತ್ತದೆ ಎಂಬುದನ್ನು ಪ್ರತ್ಯೇಕ ಸಾಲಾಗಿ ಬರೆಯಿರಿ. ಅಭ್ಯರ್ಥಿಗಳು ಬಿಡುವುದೂ, ಮಂತ್ರಿಗಳು ಕೇಳುವುದೂ ಆ ಸಾಲನ್ನೇ. ನಿಮ್ಮ ಶಿಫಾರಸು ಕೊನೆಯಲ್ಲಿ, ಒಂದೇ ವಾಕ್ಯದಲ್ಲಿರಲಿ. ಎಲ್ಲ ಸೇರಿ ಒಂದೂವರೆ ಪುಟ ಮೀರದಂತೆ ನೋಡಿಕೊಳ್ಳಿ.